ಬಲಿತ ದಂಟಿನ ಸದ್ದು

ಎಂಬತ್ತೊಂದರ ಜುಲೈ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಎರ್ಸಿಲಿಯಾ ಹನ್ನೊಂದು ಸಲ ಸನ್ಯಾಸಿನಿಯ ಕತ್ತು ಮುರಿದಳು. ಹನ್ನೊಂದು ಸಲವೂ ಅದು ಸರಿಯಾಗಿ ಮುರಿಯಲಿಲ್ಲ.

ಪರದೆಯ ಮೇಲೆ ಮಠದ ಹಿರಿಯ ತಾಯಿ ಗೋರಿಯಿಂದೆದ್ದು ಕೂತು, ಭುಜ ಅಲುಗಿಸದೆ, ಮುಖವನ್ನು ನಿಧಾನವಾಗಿ ಬೆನ್ನಿನ ಕಡೆಗೆ ತಿರುಗಿಸುತ್ತಿದ್ದಳು. ಏಳು ಸೆಕೆಂಡು. ಸದ್ದಿಲ್ಲ. ಇಂಥ ಚಿತ್ರಗಳನ್ನು ರೋಮಿನಲ್ಲಿ ಮೂಕವಾಗಿಯೇ ತೆಗೆಯುತ್ತಿದ್ದರು. ಜರ್ಮನಿಯ ನಟಿ, ಸ್ಪೇನಿನ ನಟ ಮಾತು ಮರೆತರೆ ತಮ್ಮ ತಮ್ಮ ಭಾಷೆಯಲ್ಲಿ ಒಂದು, ಎರಡು, ಮೂರು ಎಂದು ಎಣಿಸಿ ಮುಗಿಸುತ್ತಿದ್ದರು. ಆಮೇಲೆ ಬಾಯಿಗೆ ಮಾತು ಕೂಡಿಸುವವರು ಬೇರೆ, ಮೈಗೆ ಸದ್ದು ಕೂಡಿಸುವವರು ಬೇರೆ.

ಮೈಯ ಸದ್ದು ಸೆತ್ತಿಮಿಯೊ ಮೇಷ್ಟ್ರ ಪಾಲಿನದು. ಮೂವತ್ತು ವರ್ಷದಿಂದ ಅದೇ ನೆಲಮಾಳಿಗೆಯಲ್ಲಿ ಎಲೆಕೋಸು ಸೀಳಿ ಹೊಟ್ಟೆ ಬಗೆದವರು, ಕಲ್ಲಂಗಡಿಗೆ ಗುದ್ದಿ ತಲೆಬುರುಡೆ ಒಡೆದವರು. ಕಳೆದ ಶುಕ್ರವಾರ ಟ್ರಾಮಿನಿಂದ ಇಳಿಯುವಾಗ ಬಿದ್ದು ಅವರದೇ ಬಲಗೈಯ ಮಣಿಕಟ್ಟು ಮುರಿದಿತ್ತು. “ಸದ್ದೇನೋ ಚೆನ್ನಾಗಿತ್ತು, ಹತ್ರ ಮೈಕ್ ಇರ್ಲಿಲ್ಲ ಅಷ್ಟೆ” ಎಂದು ಆಸ್ಪತ್ರೆಯಲ್ಲೇ ಹೇಳಿದ್ದರಂತೆ. ಈಗ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ಮೈಕಿನ ಮುಂದೆ ನಿಂತಿದ್ದವಳು ಎರ್ಸಿಲಿಯಾ. ಒಂದೂವರೆ ವರ್ಷದಿಂದ ಅವರ ಕೈಕೆಳಗೆ ಕೆಲಸ ಕಲಿಯುತ್ತಿದ್ದಳು. ಒಂದು ಇಡೀ ದೃಶ್ಯ ಅವಳೊಬ್ಬಳದೇ ಆಗಿದ್ದು ಇದೇ ಮೊದಲು.

ಹನ್ನೆರಡನೆಯ ಸಲ ಅವಳು ಸೆಲರಿ ಸೊಪ್ಪಿನ ದಂಟು ಮುರಿದಳು. ಕಚಕ್.

ಹಿಂದೆ ಕೂತಿದ್ದ ನಿರ್ದೇಶಕ ಫಾಂತೀನಿ ಹಣೆ ಚಚ್ಚಿಕೊಂಡ. ಪೋಸ್ಟರಿನಲ್ಲಿ ಅವನು ಅಮೆರಿಕದ ಒಲಿವರ್ ಫೆಂಟನ್. ಹುಟ್ಟಿದ್ದು ಬೆಳೆದದ್ದೆಲ್ಲ ರೋಮಿನ ಗೂಡ್ಸ್ ಶೆಡ್ಡಿನ ಹಿಂದುಗಡೆ.

“ಪಂಡಿತಮ್ಮಾ, ಅವಳ ಕತ್ತು ಮುರೀತಿದೆಯೋ, ಇಲ್ಲಾ ಕೋಸಂಬರಿ ತಿಂತಾ ಕೂತಿದಾಳೋ?”

“ಇನ್ನೊಂದ್ಸಲ ಮಾಡ್ತೀನಿ ಸರ್.”

“ಇನ್ನೊಂದ್ಸಲ ಮಾಡಿದ್ರೂ ತಿಂತಾನೇ ಇರ್ತಾಳೆ. ನೋಡು, ಸಂಜೆ ಐದರೊಳಗೆ ನಂಗೆ ಈ ಕತ್ತು ಬೇಕು. ಇಲ್ಲ ಅಂದ್ರೆ ನಾಳೆ ಮಿಲಾನಿಂದ ಬೇರೆಯವನನ್ನ ಕರೆಸ್ತೀನಿ. ಉಳಿದ ನಾಲ್ಕು ರೀಲೂ ಅವನೇ ಮಾಡ್ಲಿ. ನೀನು ಅವನಿಗೆ ಕೋಸು ತೊಳ್ಕೊಡ್ತಾ ಇರು.”

ಅವನು ಕಾಫಿಗೆಂದು ಮೆಟ್ಟಿಲು ಹತ್ತಿಹೋದ ಮೇಲೆ ಮೇಷ್ಟ್ರು ಕುರ್ಚಿಯಿಂದೆದ್ದು ಬಂದು, ಎಡಗೈಯಲ್ಲಿ ಒಂದು ದಂಟು ಎತ್ತಿ ಮೂಸಿ ನೋಡಿದರು. ಬೆಳ್ಳಗೆ, ನುಣ್ಣಗೆ, ಮೇಲಿನ ನಾರನ್ನೆಲ್ಲ ಚಾಕುವಿನಿಂದ ನಾಜೂಕಾಗಿ ಎಳೆದು ತೆಗೆದಿತ್ತು.

“ನಿನ್ನ ಕೈಯಲ್ಲಿ ತಪ್ಪಿಲ್ಲ ತಾಯೀ. ಇದು ಎಳೇ ಮಗು. ಮಗು ಮೂಳೆ ಮುರಿಯಲ್ಲ, ಬಾಗುತ್ತೆ. ಯಾರು ಕೊಟ್ರು ಇದನ್ನ?”

“ಅಮ್ಮ.”

“ತೆಸ್ತಾಚ್ಚಿಯೊ ಮಾರ್ಕೆಟ್‌ನಲ್ಲಿ ತರಕಾರಿ ಮಾರೋ ನಿನ್ನಮ್ಮ ನಾರೆಲ್ಲ ತೆಗೆದು ಕೊಟ್ಲಾ? ಅವಳಿಗೆ ಏನು ಹೇಳಿದೀಯ ನೀನು?”

ಎರ್ಸಿಲಿಯಾ ಕಿವಿಯವರೆಗೂ ಕೆಂಪಾದಳು.

ಅವಳು ಹೇಳಿದ್ದು ಸುಳ್ಳೇನಲ್ಲ. ಒಂದೇ ಒಂದು ಪದ ಬಿಟ್ಟಿದ್ದಳು. ಚಿತ್ರದ ಹೆಸರು ‘ಸತ್ತ ಸನ್ಯಾಸಿನಿಯರ ರಾತ್ರಿಯೂಟ’. ಅಮ್ಮ ಪಾಲ್ಮಿರಾ ಕೇಳಿದಾಗ ಮೊದಲನೆಯ ಪದ ಗಂಟಲಲ್ಲೇ ಉಳಿದು, ‘ಸನ್ಯಾಸಿನಿಯರ ರಾತ್ರಿಯೂಟ’ ಎಂದಷ್ಟೇ ಹೊರಬಂದಿತ್ತು. ಪಾಲ್ಮಿರಾಗೆ ಅಷ್ಟು ಸಾಕಾಯಿತು. ಮಗಳು ವಿಶ್ವವಿದ್ಯಾಲಯದಲ್ಲಿ ಹಳೇ ಕಾಲದ ಭಕ್ತಿಗೀತೆಗಳ ಮೇಲೆ ಪ್ರಬಂಧ ಬರೆದು ನೂರಹತ್ತಕ್ಕೆ ನೂರಹತ್ತು ತೆಗೆದವಳು. ಇನ್ನೆಂಥ ಚಿತ್ರಕ್ಕೆ ಹೋಗಿ ಕೆಲಸ ಮಾಡುತ್ತಾಳೆ? ಮಾರನೆಯ ದಿನ ಇಡೀ ಮಾರ್ಕೆಟ್ಟಿಗೆ ಸುದ್ದಿ ಮುಟ್ಟಿತ್ತು: ಪಾಲ್ಮಿರಾ ಮಗಳು ಮಠದ ಚಿತ್ರ ಮಾಡುತ್ತಿದ್ದಾಳೆ. ಸೆಲರಿ ಯಾಕೆ ಎಂದದ್ದಕ್ಕೆ ಎರ್ಸಿಲಿಯಾ “ಅಲ್ಲಿಯವರಿಗೆ” ಎಂದಿದ್ದಳು. ಅಂದಿನಿಂದ ಅಮ್ಮ ದಿನಾ ಬೆಳಿಗ್ಗೆ ಒಳಗಿನ ಎಳೇ ದಂಟುಗಳನ್ನೇ ಆರಿಸಿ, ನಾರು ಬಿಡಿಸಿ, ಕಾಗದದಲ್ಲಿ ಸುತ್ತಿ, ಎಣ್ಣೆ ಉಪ್ಪಿನ ಪುಟ್ಟ ಸೀಸೆಯೊಂದನ್ನೂ ಜೊತೆಗಿಟ್ಟು ಕೊಡುತ್ತಿದ್ದಳು. ದೇವರ ಕೆಲಸ ಮಾಡುವವರು ಹಸಿದು ಕೂರಬಾರದಲ್ಲ!

ಹೀಗೆ, ಅಮ್ಮ ಕೊಡುವುದು ಒಳ್ಳೆಯದಾದಷ್ಟೂ ಸನ್ಯಾಸಿನಿಯ ಕತ್ತು ಗಟ್ಟಿಯಾಗುತ್ತ ಹೋಯಿತು.

ಬೇರೆ ಅಂಗಡಿಯಲ್ಲಿ ತರೋಣವೆಂದರೆ ಬಲಿತ ದಂಟನ್ನು ಯಾರೂ ಮಾರಾಟಕ್ಕಿಡುವುದಿಲ್ಲ; ಬೆಳಗಿನ ಜಾವವೇ ಕತ್ತರಿಸಿ ಮೊಲ ಸಾಕುವವನ ಬುಟ್ಟಿಗೆ ಹಾಕುತ್ತಾರೆ. ಅದನ್ನು ಕೇಳಿ ಪಡೆಯಬೇಕು. ಪಾಲ್ಮಿರಾ ಮಗಳು ಎದುರಂಗಡಿಯ ಚೆಸೀರಾ ಹತ್ತಿರ ಹೋಗಿ ಮೊಲದ ಮೇವು ಕೇಳಿದಳೆಂದರೆ, ಅವಳು ಮಾರ್ಕೆಟ್ಟಿನ ಬಾಗಿಲು ದಾಟುವ ಮೊದಲೇ ಅಮ್ಮನ ಮಾನ ಮೀನಂಗಡಿಯವರೆಗೆ ಹರಾಜಾಗಿರುತ್ತದೆ.

“ಹೋಗಿ ನಿಜ ಹೇಳ್ಬಿಡು” ಎಂದರು ಮೇಷ್ಟ್ರು. “ಹೊಟ್ಟೆಪಾಡು ಅನ್ನು. ಎಲ್ಲಾ ತಾಯಂದಿರಿಗೂ ಅದು ಅರ್ಥ ಆಗುತ್ತೆ.”

ತೊಡಕಿದ್ದದ್ದು ಅಲ್ಲೇ. ಅದು ಹೊಟ್ಟೆಪಾಡಾಗಿರಲಿಲ್ಲ. ಓದುವ ದಿನಗಳಲ್ಲಿ ಪ್ರೊಫೆಸರಿಗೆ ಗ್ರಂಥಾಲಯವೆಂದು ಹೇಳಿ, ಅವಳು ಮಧ್ಯಾಹ್ನದ ಆಟಕ್ಕೆ ಹಳೇ ಟಾಕೀಸಿನ ಹಿಂದಿನ ಸಾಲಿನಲ್ಲಿ ಹೋಗಿ ಕೂರುತ್ತಿದ್ದಳು. ಮುಂದಿನ ಸಾಲಿನವರು ಹುರಿದ ಕುಂಬಳಬೀಜ ಉಗಿಯುತ್ತ, ಪರದೆಯ ಮೇಲಿನ ಹುಡುಗಿಗೆ “ಆ ಬಾಗಿಲು ತೆಗೀಬೇಡ್ವೇ, ದಡ್ಡೀ!” ಎಂದು ಕೂಗುತ್ತಿದ್ದರು. ಅವಳು ಬಾಗಿಲು ತೆಗೆದೇ ತೆಗೆಯುತ್ತಿದ್ದಳು. ರಕ್ತ ಬಣ್ಣದ ಡಬ್ಬಿಯದೆಂದು ಎರ್ಸಿಲಿಯಾಗೆ ಗೊತ್ತು. ಹೋದ ವಾರದ ಚಿತ್ರದಲ್ಲಿ ಸ್ಕಾಟ್ಲೆಂಡಾಗಿದ್ದ ಕಾಡೇ ಈ ವಾರ ಟೆಕ್ಸಾಸ್ ಆಗಿದೆಯೆಂದೂ ಗೊತ್ತು. ಗೊತ್ತಿದ್ದೂ ಅವಳ ಮೈಮೇಲಿನ ಕೂದಲು ನಿಲ್ಲುತ್ತಿತ್ತು. ಅಷ್ಟು ಕಡಿಮೆ ಸಾಮಾನಿನಲ್ಲಿ ಅಷ್ಟೊಂದು ಭಯ! ಹೊರಗೆ ಬಿಸಿಲಿಗೆ ಬಂದಾಗ ಕದ್ದು ಜಾಮೂನು ತಿಂದವರ ಹಾಗೆ ಬಾಯೊರೆಸಿಕೊಂಡು ನಡೆಯುತ್ತಿದ್ದಳು. ಈ ಇಷ್ಟವನ್ನು ಅವಳು ಈವರೆಗೆ ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ.

ಅವಳು ತೆಸ್ತಾಚ್ಚಿಯೊ ತಲುಪಿದಾಗ ಒಂದೂವರೆ. ಅಂಗಡಿಗಳು ಮುಚ್ಚುವ ಹೊತ್ತು. ಪಾಲ್ಮಿರಾ ಏಪ್ರನ್ ಬಿಚ್ಚುತ್ತಿದ್ದಳು.

“ಏನೇ ಕೂಸೇ, ಈ ಹೊತ್ತಲ್ಲಿ? ಊಟ ಆಯ್ತಾ? ಸೆಲರಿ ಸಾಕಾಯ್ತಾ ಅವರಿಗೆ?”

“ಅಮ್ಮ, ಬಲಿತದ್ದು ಬೇಕು. ಹೊರಗಿನ ದಂಟು. ನಾರು ತೆಗೀದೇ ಇರೋದು.”

“ಅದ್ಯಾಕೆ? ಮೊಲ ಸಾಕಿದಾರಾ ಮಠದಲ್ಲಿ?”

“ಮಠ ಅಲ್ಲ ಅಮ್ಮ.” ಎರ್ಸಿಲಿಯಾ ಟೊಮೇಟೊ ಬುಟ್ಟಿಯ ಅಂಚನ್ನು ಹಿಡಿದುಕೊಂಡಳು. “ಅಂದ್ರೆ, ಮಠಾನೇ. ಆದ್ರೆ ಸತ್ತ.”

“ಯಾರು ಸತ್ರು?”

“ಸನ್ಯಾಸಿನಿಯರು. ಚಿತ್ರದ ಹೆಸರು ‘ಸತ್ತ ಸನ್ಯಾಸಿನಿಯರ ರಾತ್ರಿಯೂಟ’. ಅವರು ಗೋರಿಯಿಂದ ಎದ್ದು ಬಂದು ಪ್ರವಾಸಿಗರನ್ನ ತಿಂತಾರೆ. ನಾನು ಸೆಲರಿ ಮುರಿದ್ರೆ ಅದು ಮೂಳೆ ಮುರಿದ ಹಾಗೆ ಕೇಳ್ಸುತ್ತೆ. ನೀನು ಕೊಡೋದು ತುಂಬಾ ಎಳೇದು, ಮುರಿಯಲ್ಲ.”

ಪಾಲ್ಮಿರಾ ಶಿಲುಬೆಯ ಗುರುತು ಮಾಡಿಕೊಂಡಳು. ಆಮೇಲೆ, ಸಾಲದೆಂಬಂತೆ, ಇನ್ನೊಂದು ಸಲ ಮಾಡಿಕೊಂಡಳು.

“ಅಷ್ಟು ಓದಿದೋಳು ಒಂದೂವರೆ ವರ್ಷದಿಂದ ಇದನ್ನಾ ಮಾಡ್ತಿದ್ದಿದ್ದು?”

“ಹೂಂ.”

“ಬೇರೆ ಕೆಲ್ಸ ಸಿಗ್ಲಿಲ್ವೇನೇ, ಪಾಪ? ಸ್ಕೂಲಲ್ಲಿ ಟೀಚರ್ ಕೆಲ್ಸ...”

‘ಹೊಟ್ಟೆಪಾಡು’ ಎಂಬ ಮಾತು ನಾಲಗೆಯ ತುದಿಯಲ್ಲೇ ಇತ್ತು. ಅಮ್ಮನೇ ಅದನ್ನು ತಟ್ಟೆಯಲ್ಲಿಟ್ಟು ಮುಂದೆ ಚಾಚುತ್ತಿದ್ದಳು. ಎತ್ತಿಕೊಂಡರೆ ಮುಗಿದುಹೋಗುತ್ತಿತ್ತು.

“ಸಿಕ್ಕಿತ್ತು. ನಾನೇ ಹೋಗ್ಲಿಲ್ಲ. ನಂಗೆ ಇದು ಇಷ್ಟ ಅಮ್ಮ. ತುಂಬಾ ಇಷ್ಟ.”

ಎದುರಂಗಡಿಯ ಚೆಸೀರಾ ಆಗಲೇ ಕೈಕೆಲಸ ನಿಲ್ಲಿಸಿ ಕತ್ತು ಉದ್ದ ಮಾಡಿದ್ದಳು. ಪಾಲ್ಮಿರಾ ಅದನ್ನು ನೋಡಿದಳು, ಮಗಳನ್ನೂ ನೋಡಿದಳು. ಸೊಂಟದ ಮೇಲೆ ಕೈಯಿಟ್ಟಳು.

“ಇಷ್ಟ ಆದ್ರೆ ಅರ್ಧ ಹೆಸ್ರು ಯಾಕೇ ಹೇಳ್ದೆ? ಮೇಲೆ ಚೆಂದದ ಹಣ್ಣು, ಅಡಿಯಲ್ಲಿ ಹುಳುಕು, ಹಾಗೆ ಇಪ್ಪತ್ತಾರು ವರ್ಷದಲ್ಲಿ ಒಂದ್ ದಿನ ಬುಟ್ಟಿ ಜೋಡ್ಸಿದೀನಾ ನಾನು? ಈ ಮಾರ್ಕೆಟ್‌ನಲ್ಲಿ ಹಾಗೆ ಜೋಡಿಸೋರು ಬೇರೆ ಇದಾರೆ.” ಕೊನೆಯ ಮಾತು ಎದುರಂಗಡಿಗೆ ಕೇಳುವಷ್ಟು ಜೋರಾಗಿತ್ತು. ಚೆಸೀರಾ ಕತ್ತು ಒಳಗೆಳೆದುಕೊಂಡಳು.

“ತಪ್ಪಾಯ್ತು.”

“ಅದಿರ್ಲಿ. ಯಾರ ಮೂಳೆ?”

“ಹಿರಿಯ ತಾಯಿದು. ಕತ್ತು. ಪೂರ್ತಿ ಹಿಂದಕ್ಕೆ ತಿರುಗುತ್ತೆ, ಆಮೇಲೆ ಲಟಕ್.”

ಪಾಲ್ಮಿರಾ ಹುಡುಗಿಯಾಗಿದ್ದಾಗ ಅನಾಥಾಲಯದ ಸನ್ಯಾಸಿನಿಯರ ಹತ್ತಿರ ಬೆಳೆದವಳು. ಎಡಗೈಯಲ್ಲಿ ಚಮಚ ಹಿಡಿದದ್ದಕ್ಕೆ ಅಲ್ಲಿಯ ಹಿರಿಯ ತಾಯಿ ಮರದ ಅಳತೆಪಟ್ಟಿಯಿಂದ ಹೊಡೆದ ಕಿರುಬೆರಳು ಇವತ್ತಿಗೂ ನೆಟ್ಟಗಾಗಿರಲಿಲ್ಲ. ಆ ಬೆರಳನ್ನೊಮ್ಮೆ ನೋಡಿಕೊಂಡು, ಅವಳು ಅಂಗಡಿಯ ಕೆಳಗೆ ಬಗ್ಗಿ ಮೊಲದವನ ಬುಟ್ಟಿಯನ್ನು ಎಳೆದಳು. ಒಂದು ದಂಟು ತೆಗೆದಳು, ಬಗ್ಗಿಸಿ ನೋಡಿ ಎಸೆದಳು. ಇನ್ನೊಂದು ತೆಗೆದಳು.

“ಇದು ಅವಳಿಗೆ ಸಾಲದು” ಎಂದು ಗೊಣಗಿದಳು.

ಕೊನೆಗೆ ಆರಿಸಿದ್ದು ಹೆಬ್ಬೆರಳಿಗಿಂತ ದಪ್ಪ, ಕಡುಹಸಿರು, ಮೈಯೆಲ್ಲ ನರ ಎದ್ದಂತಿದ್ದ ಏಳೆಂಟು ದಂಟು. ನಲ್ಲಿಯಲ್ಲಿ ಬಟ್ಟೆ ನೆನೆಸಿ ಹಿಂಡಿ, ಹಸುಗೂಸಿಗೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿಕೊಟ್ಟಳು. “ಈ ಬಿಸಿಲಲ್ಲಿ ಒಣಗಿದ್ರೆ ಹಗ್ಗ ಆಗ್ಬಿಡುತ್ತೆ. ಕೊನೇವರ್ಗೂ ಬಟ್ಟೆ ತೆಗೀಬೇಡ, ಗೊತ್ತಾಯ್ತಾ?”

ನೆಲಮಾಳಿಗೆಯಲ್ಲಿ ಫಾಂತೀನಿ ಗಡಿಯಾರ ನೋಡುತ್ತಿದ್ದ. ನಾಲ್ಕೂಕಾಲು. ದೀಪ ಆರಿತು, ಹಿರಿಯ ತಾಯಿ ಎದ್ದು ಕೂತಳು. ಎರ್ಸಿಲಿಯಾ ಬಟ್ಟೆ ಬಿಚ್ಚಲು ಹೋದವಳು ನಿಂತಳು. ಕೊನೆಯವರೆಗೂ ತೆಗೆಯಬೇಡವೆಂದಿದ್ದಳು ಅಮ್ಮ. ತರಕಾರಿಯ ವಿಷಯದಲ್ಲಿ ಅಮ್ಮ ಹೇಳಿದ್ದು ಇಂದಿನವರೆಗೆ ಸುಳ್ಳಾಗಿರಲಿಲ್ಲ. ಬಟ್ಟೆಯ ಸಮೇತ ಎರಡೂ ಕೈಯಲ್ಲಿ ಹಿಡಿದು, ಮೈಕಿನ ಹತ್ತಿರ ತಂದು, ಒಗೆದ ಬಟ್ಟೆ ಹಿಂಡುವ ಹಾಗೆ ತಿರುಚತೊಡಗಿದಳು.

ಮೊದಲು ಒದ್ದೆ ಚರ್ಮ ಎಳೆದಂಥ ಸಣ್ಣ ಕಿರ್ರ್ ಸದ್ದು. ಅದರೊಳಗೆ, ಆಳದಲ್ಲಿ, ನಾರು ಒಂದೊಂದಾಗಿ ಹರಿಯುವ ಟಿಕ್, ಟಿಕ್, ಟಿಕ್. ಹಿರಿಯ ತಾಯಿಯ ಗಲ್ಲ ಭುಜ ದಾಟಿತು, ಬೆನ್ನಿಗೆ ಬಂತು. ಎರ್ಸಿಲಿಯಾ ಉಸಿರು ಹಿಡಿದು ಒಂದೇ ಏಟಿಗೆ ಮಡಚಿದಳು.

ಲಟಕ್.

ದೀಪ ಹತ್ತಿದಾಗ ಫಾಂತೀನಿಯ ಕೈ ಅವನ ಕತ್ತಿನ ಮೇಲಿತ್ತು. ಅದು ಅವನಿಗೇ ತಿಳಿದಂತಿರಲಿಲ್ಲ.

“ಅಯ್ಯಪ್ಪಾ!” ಎಂದ. ಆಮೇಲೆ, “ಆ ಬಟ್ಟೆ... ಮೂಳೆ ಮೇಲೆ ಮಾಂಸ ಇದ್ದಂಗೆ ಕೇಳ್ತು. ಯಾರು ಹೇಳ್ಕೊಟ್ರು ನಿಂಗೆ?”

“ತರಕಾರಿ ಮಾರೋರು.”

ಮೇಷ್ಟ್ರು ಎಡಗೈಯಿಂದ ತೊಡೆ ತಟ್ಟಿ ನಕ್ಕರು. “ಮಿಲಾನಿನವನಿಗೆ ಟಿಕೆಟ್ ಕಳ್ಸ್ಬೇಡಪ್ಪಾ ಫಾಂತೀನಿ. ನಾಲ್ಕು ರೀಲೂ ಇವಳದ್ದೇ.”

“ಇವಳದ್ದೇ” ಎಂದು ಫಾಂತೀನಿ ಪೆನ್ನು ತೆಗೆದ. “ಹೆಸರಿನ ಪಟ್ಟಿಗೆ ಒಂದು ಅಮೆರಿಕದ ಹೆಸರು ಬೇಕು. ಎಲ್ಸಿ ಪ್ರಾಕ್ಟರ್ ಅಂತ ಹಾಕ್ತೀನಿ. ಚೆನ್ನಾಗಿದೆ, ಅಲ್ವಾ?”

ಬೆಳಿಗ್ಗೆಯಾಗಿದ್ದರೆ ಎರ್ಸಿಲಿಯಾ ತಲೆಯಾಡಿಸಿಬಿಡುತ್ತಿದ್ದಳು. “ಎರ್ಸಿಲಿಯಾ ಪ್ರೋಯೆತ್ತಿ ಅಂತ್ಲೇ ಹಾಕಿ.”

“ತೆಸ್ತಾಚ್ಚಿಯೊ ಹೆಸ್ರಾ? ಅಷ್ಟು ಜನ ಅಮೆರಿಕನ್ನರ ಮಧ್ಯೆ?”

“ಹೌದು ಸರ್. ಅರ್ಧಂಬರ್ಧ ಬೇಡ.”

ಅವನು ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರು ಸೂರಿನ ಕಡೆ ನೋಡಿದರು. ಫಾಂತೀನಿ ಪೂರ್ತಿ ಹೆಸರು ಬರೆದುಕೊಂಡ.

ಮಾರನೆಯ ಬೆಳಿಗ್ಗೆ ಎರ್ಸಿಲಿಯಾ ಉಳಿದ ರೀಲುಗಳಿಗೆ ಬೇಕಾದ ಸಾಮಾನಿನ ಪಟ್ಟಿ ಹಿಡಿದು ಅಂಗಡಿಗೆ ಬಂದಾಗ ಗಿರಾಕಿಯೊಬ್ಬಳು ಅಮ್ಮನನ್ನು ಕೇಳುತ್ತಿದ್ದಳು: “ಎಲ್ಲಿಗ್ ಬಂತು ಪಾಲ್ಮಿರಾ, ನಿನ್ ಮಗಳ ಸನ್ಯಾಸಿನಿಯರ ಚಿತ್ರ?”

“ಸತ್ತ ಸನ್ಯಾಸಿನಿಯರದ್ದು” ಎಂದು ಪಾಲ್ಮಿರಾ ತಕ್ಕಡಿಯಿಂದ ಕಣ್ಣು ತೆಗೆಯದೆ ತಿದ್ದಿದಳು.

ಗಿರಾಕಿ ಪಕ್ಕದಲ್ಲಿ ಒದ್ದೆ ಬಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದ ದಪ್ಪ ದಂಟುಗಳಿಗೆ ಕೈಹಾಕಿ, “ಇವು ಸೂಪಿಗೆ ಆಗ್ತವೇನೋ” ಎಂದಳು.

ಪಾಲ್ಮಿರಾ ಅವಳ ಕೈಮೇಲೆ ಪಟ್ಟನೆ ಹೊಡೆದಳು.

“ಮುಟ್ಬೇಡ. ಅದು ಕತ್ತಿಗೆ.”