ಸಾಲ ಶೆಫಾಲಿಯದು, ಕಿಸೆ ಕುದ್ದೂಸನದು

ಟಾಂಗೈಲ್ ಕಡೆಯ ನಮ್ಮ ಊರಿನಲ್ಲಿ ಸಾಲ ಕೊಡುವ ದಿನ ಸಂಘದ ಚಪ್ಪರದ ಹೊರಗೆ ಗಂಡಸರು ಸೈಕಲ್ ಹಿಡಿದು ಕಾಯುತ್ತಾರೆ. ಒಳಗೆ ಹೆಂಗಸರು ಸಹಿ ಹಾಕಿ, ಹೊರಗೆ ಬಂದು ದುಡ್ಡನ್ನು ಗಂಡನ ಕೈಗಿಡುತ್ತಾರೆ. ಅವನು ಸೈಕಲ್ ಹತ್ತುತ್ತಾನೆ, ಇವಳು ನಡೆದು ಮನೆಗೆ ಬರುತ್ತಾಳೆ.

ಆಗ ನಮ್ಮ ಐವರ ಗುಂಪಿನಲ್ಲಿದ್ದ ಶೆಫಾಲಿಯೂ ಹಾಗೆಯೇ ನಡೆದು ಬಂದಳು. ಮಂಡಕ್ಕಿ ಹುರಿದು ಮಾರುತ್ತೇನೆಂದು ಹನ್ನೆರಡು ಸಾವಿರ ಟಾಕಾ ಪಡೆದಿದ್ದಳು. ಗಂಡ ಕುದ್ದೂಸ್ ಅದನ್ನು ಹಳೆಯ ಮೋಟಾರ್‌ಸೈಕಲ್ಲಿಗೆ ಸುರಿದ. ಭತ್ತ ಬರಲಿಲ್ಲ, ಒಲೆ ಉರಿಯಲಿಲ್ಲ. ವಾರದ ಕಂತು ಮಾತ್ರ ತಪ್ಪದೆ ಬಂತು. ಒಬ್ಬಳು ಕಟ್ಟದಿದ್ದರೆ ಉಳಿದ ನಾಲ್ವರಿಗೂ ಹೊಸ ಸಾಲವಿಲ್ಲ. ಹಾಗಾಗಿ ಹೋದ ವರ್ಷ ನಾವು ನಾಲ್ವರೂ ಸೇರಿ ಅವಳ ಮಾಡಿನ ತಗಡು ಕಿತ್ತು ಮಾರಿದೆವು. ಈ ವಯಸ್ಸಿನಲ್ಲಿ ಏಣಿ ಹತ್ತಿದವಳು ನಾನೇ. ಕೆಳಗೆ ಏಣಿ ಹಿಡಿದುಕೊಂಡವಳು ಶೆಫಾಲಿ.

“ನಿಧಾನ ಚಾಚಿ, ಆ ಮೂಲೆ ತಗಡು ಕೈ ಕೊಯ್ತದೆ,” ಎಂದಳು.

ಹೋದ ತಿಂಗಳು ನನ್ನ ಸೊಸೆ ಕೋಹಿನೂರಿಗೆ ಬೇರೆ ಗುಂಪಿನಿಂದ ಮೊದಲ ಸಾಲ ಸಿಕ್ಕಿತು. ಅವಳದೂ ಮಂಡಕ್ಕಿಯ ಕೆಲಸವೇ. ಹೊರಗೆ ನನ್ನ ಮಗ ಮೊಕ್ಸೆದ್ ಸೈಕಲ್ ಹಿಡಿದು ನಿಂತಿದ್ದ.

“ಕೊಡೇ ಇಲ್ಲಿ. ಹೆಂಗಸರ ಕೈಲಿ ಇಷ್ಟು ದುಡ್ಡು ಇರಬಾರ್ದು.”

ಕೋಹಿನೂರ್ ನನ್ನ ಮುಖ ನೋಡಿದಳು. ಯಾರದೋ ಮನೆಯಲ್ಲಿ ಕೂಲಿಗೆ ಮಂಡಕ್ಕಿ ಹುರಿದು ಬರುತ್ತಿದ್ದ ಶೆಫಾಲಿ ಅಲ್ಲೇ ನಿಂತಳು.

“ಕೊಡಬೇಡ ಕಣೇ. ಮೊದ್ಲು ಭತ್ತ ಕೊಂಡ್ಕೊ.”

“ನನ್ನೇನು ನಿನ್ನ ಗಂಡ ಅಂದ್ಕೊಂಡ್ಯಾ, ಭಾಬಿ?” ಎಂದ ಮೊಕ್ಸೆದ್.

“ಅವರೂ ಸಾಲ ಸಿಗೋವರೆಗೂ ನಿಮ್ಮಷ್ಟೇ ಒಳ್ಳೆಯವರಾಗಿದ್ರು, ಭಾಯಿ.”

ಸುತ್ತಲಿದ್ದ ಹೆಂಗಸರು ಸೆರಗಿನಲ್ಲೇ ನಕ್ಕರು. ಮಗನ ಮುಖ ಕಪ್ಪಿಟ್ಟಿತು.

“ಅಮ್ಮಾ, ಹೇಳು ನಿನ್ನ ಸೊಸೆಗೆ. ಮೊಬೈಲ್ ಅಂಗಡಿ ಇಡ್ತೀನಿ, ಒಂದಕ್ಕೆರಡು ಮಾಡ್ತೀನಿ.”

“ಯಾವಾಗ ಎರಡಾಗೋದು?” ಎಂದೆ ನಾನು. “ಕಂತು ಬರೋ ಮಂಗಳವಾರವೇ ಶುರು. ಅವಳಾದ್ರೆ ಇವತ್ತು ಹುರಿದದ್ದು ನಾಳೆ ಮಾರ್ತಾಳೆ. ಕಟ್ಟದಿದ್ರೆ ನಮ್ಮ ತಗಡಿಗೂ ನಾಲ್ಕು ಜನ ಬರ್ತಾರೆ. ಹಾಗೆ ಹೋದವಳು ನಾನೇ ಅಲ್ವೇನೋ? ಸೈಕಲ್ ತಂದಿದ್ದೀಯಲ್ಲ, ಭತ್ತದ ಚೀಲ ಹೇರ್ಕೊಂಡು ಬಾ.”

ಅವನು ಸೈಕಲ್ಲನ್ನು ಭತ್ತದ ಅಂಗಡಿಯ ಕಡೆ ತಿರುಗಿಸಿದ. ಕೋಹಿನೂರ್ ದುಡ್ಡನ್ನು ಸೆರಗಿಗೆ ಕಟ್ಟಿಕೊಂಡು ಅವನ ಮುಂದೆ ನಡೆದಳು.

ಈಗ ಅವಳ ಒಲೆ ಉರಿಯುತ್ತಿದೆ. ಮೊಕ್ಸೆದ್ ಗೊಣಗಿಕೊಂಡೇ ಮಂಡಕ್ಕಿಯನ್ನು ಸಂತೆಗೆ ಒಯ್ಯುತ್ತಾನೆ. ಶೆಫಾಲಿಯ ಮಾಡಿಗೆ ಇನ್ನೂ ಪ್ಲಾಸ್ಟಿಕ್ ಹಾಳೆಯೇ.

ಅಕ್ಕತಂಗಿಯರೇ, ನಿಮಗೆ ಬರುವ ಕೆಲಸಕ್ಕಷ್ಟೇ ಸಾಲ ತೆಗೆದುಕೊಳ್ಳಿ. ಕಂತು ಎಷ್ಟು, ಯಾವಾಗಿನಿಂದ ಎಂದು ಸಹಿ ಹಾಕುವ ಮೊದಲೇ ಕೇಳಿ. ಸಾಮಾನು ಮನೆಗೆ ಬರುವ ತನಕ ದುಡ್ಡು ನಿಮ್ಮ ಕೈಯಲ್ಲೇ ಇರಲಿ.

ಇನ್ನೊಂದು ಮಾತು. ಹೋದ ವರ್ಷ ಶೆಫಾಲಿಯನ್ನು ತೆಗೆದಾಗಿನಿಂದ ನಮ್ಮ ಗುಂಪಿನಲ್ಲಿ ಒಂದು ಜಾಗ ಖಾಲಿ ಇದೆ. ಅವಳನ್ನೇ ಮತ್ತೆ ಸೇರಿಸೋಣ ಎಂದೆ. ಉಳಿದ ಮೂವರೂ ಬೇಡವೆಂದರು. ನಿಮ್ಮ ಗುಂಪಿನಲ್ಲಿ ಇಂಥ ಒಬ್ಬಳ ಹೆಸರು ಬಂದರೆ, ಬೇಡವೆನ್ನುವ ಮೊದಲು ಅವಳ ದುಡ್ಡು ಯಾರ ಕೈಗೆ ಹೋಗಿತ್ತು ಎಂದು ಒಮ್ಮೆ ಕೇಳಿ. ನಾವು ಕೇಳಿರಲಿಲ್ಲ.