ಹೊಳೆಯ ಮರ್ಯಾದೆ

"ವಿನುತಾ, ಏ ವಿನುತಾ! ಊಟಕ್ಕೆ ಬಾರೆ!"

ಮಾಲಿನಿ ಕರೆದೂ ಕರೆದೂ ಗಂಟಲು ಒಣಗಿಸಿಕೊಂಡಳು. ಜಗಲಿಯಲ್ಲಿ ಕೂತ ಮಗಳಿಗೆ ಕಿವಿಯೇ ಇಲ್ಲ. ಎಂಟನೇ ಕ್ಲಾಸಿನ ಹುಡುಗಿ, ಅಪ್ಪನ ಹಳೆಯ ಫೋನಿನಲ್ಲಿ ಮುಳುಗಿ ತನ್ನಷ್ಟಕ್ಕೆ ನಗುತ್ತಿದ್ದಳು. ಬಾಡ ಊರಿನಲ್ಲಿ ಯಾರ ಮನೆಯ ಜಗಲಿ ಹತ್ತಿದರೂ ಈಗ ಇದೇ ಪಾಡು.

ಪಕ್ಕದ ಮನೆಯ ರೇಖಾ ಬೇಲಿಯಾಚೆಯಿಂದ ಇಣುಕಿದಳು. ಅವಳು ಅಂಗನವಾಡಿ ಟೀಚರು.

"ಅದರಲ್ಲಿ ಎಂತ ನೋಡ್ತದೆ ಹೇಳಿ ಕೇಳಿದ್ಯಾ ಮಾಲಿನಿ?"

"ಎಂತದೋ ನಗೆಯಾಟ ಅಕ್ಕಾ. ನೋಡ್ಲಿ ಬಿಡು. ಊರು ತಿರುಗುದಿಲ್ಲ, ಮನೇಲೇ ಇರ್ತದೆ. ನಂಗೆ ಅಷ್ಟೇ ಸಾಕು."

"ಮೈ ಮನೇಲಿದ್ರೆ ಆತಾ? ಮನಸ್ಸು ಯಾರ ಸಂಗಡ ಹೋಗ್ತದೆ ಹೇಳಿ ನೋಡುದು ಬೇಡ್ವಾ?"

ಮಾಲಿನಿ ನಕ್ಕು ಒಳಗೆ ಹೋದಳು. ಟೀಚರಿಗೆ ಎಲ್ಲದಕ್ಕೂ ಪಾಠ ಹೇಳುವ ಚಾಳಿ ಎಂದುಕೊಂಡಳು.

ಮಾಲಿನಿಯ ಗಂಡ ಭಾಸ್ಕರ ಹೊನ್ನಾವರದಲ್ಲಿ ಮೀನಿನ ಬೋಟಿಗೆ ಹೋಗುತ್ತಾನೆ, ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಮಾಲಿನಿ ಕೇರಿಯ ಹೆಂಗಸರ ಜೊತೆ ಅಘನಾಶಿನಿ ಹೊಳೆಯಲ್ಲಿ ಬಳಚು ಎಂಬ ಚಿಪ್ಪುಮೀನು ತೆಗೆಯುತ್ತಾಳೆ. ನೀರು ಇಳಿದ ಹೊತ್ತಿನಲ್ಲಿ ಸೀರೆ ಎತ್ತಿ ಕಟ್ಟಿ, ಕೆಸರಿನಲ್ಲಿ ಕೈಯಾಡಿಸಿ ಚಿಪ್ಪು ಹೆಕ್ಕುವ ಕೆಲಸ. ಅಲ್ಲಿ ಯಾರೂ ಹೇಳಿಕೊಡದ ಒಂದು ಮರ್ಯಾದೆ ನಡೆದು ಬಂದಿದೆ. ಹೆಂಗಸರು ನೀರಿನಲ್ಲಿದ್ದಾಗ ದೋಣಿಯಲ್ಲಿ ಹೋಗುವ ಗಂಡಸರು ಮುಖವನ್ನು ಆಚೆ ದಡಕ್ಕೆ ತಿರುಗಿಸಿಕೊಳ್ಳುತ್ತಾರೆ. ಕುಡಿದವನೂ ತಿರುಗಿಸುತ್ತಾನೆ. ಯಾರಾದರೂ ಕೂಗಿಕೊಂಡರೆ ಮಾತ್ರ ಎಲ್ಲರೂ ನೋಡುತ್ತಾರೆ, ನೋಡಿದವರು ಓಡಿ ಬರುತ್ತಾರೆ.

ಒಂದು ಭಾನುವಾರ ವಿನುತಾಳೂ ಬುಟ್ಟಿ ಹಿಡಿಯಲು ಬಂದಿದ್ದಳು. ದಡದಲ್ಲಿ ಫೋನ್ ಹಿಡಿದು ನಿಂತಿದ್ದಳು. ಕೇರಿಯ ಬೆಳ್ಳಜ್ಜಿ ತುಂಬಿದ ಬುಟ್ಟಿ ಹೊತ್ತು ಅವಳ ಕಡೆಗೇ ಬರುತ್ತಿದ್ದಳು. ವಿನುತಾ ಹುಟ್ಟಿದಾಗ ಎಣ್ಣೆ ಹಚ್ಚಿ ಮೀಯಿಸಿದವಳು ಇದೇ ಬೆಳ್ಳಜ್ಜಿ. ಕೆಸರಿನಲ್ಲಿ ಕಾಲು ಹೂತು ಅಜ್ಜಿ ಕವುಚಿ ಬಿದ್ದಳು. ದೂರದಲ್ಲಿದ್ದ ಮಾಲಿನಿಗೆ ಕೂಗು ಕೇಳಿಸಿತು. ಎಲ್ಲರೂ ನೀರು ಸೀಳಿಕೊಂಡು ಓಡಿ ಬಂದು ಎತ್ತಿದರು. ಜೀವಕ್ಕೆ ಅಪಾಯವಾಗಲಿಲ್ಲ, ಪಾದ ಉಳುಕಿತ್ತು.

ಮರುದಿನ ಕೇರಿಯ ಒಬ್ಬಳು ಮಾಲಿನಿಯನ್ನು ತಡೆದು ಹೇಳಿದಳು, "ನಿನ್ನ ಮಗಳ ವಿಡಿಯೋ ಸಾವಿರಾರು ಜನ ನೋಡಿದ್ರಂತೆ! ನಮ್ಮ ಹೊಳೇದು!"

ಮಾಲಿನಿಗೆ ಹೆಮ್ಮೆಯೋ ಹೆಮ್ಮೆ. ಆಕೆ ತನ್ನ ಫೋನಿಗೆ ಕಳಿಸಿದ ವಿಡಿಯೋ ಒತ್ತಿದಳು. ಹೊಳೆ ಕಂಡಿತು, ದೋಣಿ ಕಂಡಿತು, ಹಿಂದೆ ಯಾವುದೋ ಹಾಡು. ಒಲೆಯ ಮೇಲೆ ಅನ್ನ ಉಕ್ಕುತ್ತಿತ್ತು. ಪೂರ್ತಿ ನೋಡಲು ಪುರುಸೊತ್ತಿಲ್ಲದೆ ಅದನ್ನು ಗಂಡನಿಗೆ, ತವರಿಗೆ, ಸ್ವಸಹಾಯ ಸಂಘದ ಗುಂಪಿಗೆ ಕಳಿಸಿಬಿಟ್ಟಳು.

ಪಾದದ ಬಾವು ಇಳಿದರೂ ಬೆಳ್ಳಜ್ಜಿ ಹೊಳೆಗೆ ಬರಲಿಲ್ಲ. ವಿಚಾರಿಸಲು ಮಾಲಿನಿ ರೇಖಾಳ ಜೊತೆ ಅವಳ ಮನೆಗೆ ಹೋದಳು. ಅಜ್ಜಿ ಗೋಡೆಗೆ ಮುಖ ಮಾಡಿ ಮಲಗಿದ್ದಳು.

"ಕಾಲು ಹೇಗದೆ ಅಜ್ಜಿ?"

"ಕಾಲಿಗೆ ಎಂತ ಆಗಲಿಲ್ಲ." ಅಜ್ಜಿ ತಿರುಗಲಿಲ್ಲ. "ಭಟ್ಕಳದಲ್ಲಿ ಮೊಮ್ಮಗನ ಕೆಲಸದ ಜಾಗದಲ್ಲಿ ಎಲ್ಲರೂ ಅದನ್ನ ನೋಡಿ ನಕ್ಕರಂತೆ. ಇನ್ನು ಹೊಳೆಗೆ ಹೋಗ್ಬೇಡ ಹೇಳಿ ಸಿಟ್ಟು ಮಾಡ್ದ."

ಮಾಲಿನಿಗೆ ತಲೆಬುಡ ತಿಳಿಯಲಿಲ್ಲ. ರೇಖಾ ತನ್ನ ಫೋನ್ ಅವಳ ಕೈಗೆ ಕೊಟ್ಟಳು. ಮಾಲಿನಿ ಈಗ ಕೊನೆಯವರೆಗೆ ನೋಡಿದಳು. ಅಜ್ಜಿ ಕೆಸರಿನಲ್ಲಿ ತೆವಳುತ್ತಿದ್ದಾಳೆ, ಸೀರೆ ಜಾರಿದೆ, ಎದ್ದು ಮತ್ತೆ ಬೀಳುತ್ತಾಳೆ. "ತಂಗೀ, ಕೈ ಕೊಡೆ" ಎನ್ನುತ್ತಾಳೆ. ಹಾಡಿನ ನಡುವೆ ಕಿಸಿಕಿಸಿ ನಗು. ಅದು ವಿನುತಾಳ ನಗು.

"ಬಿದ್ದದ್ದು ದೊಡ್ಡದಲ್ಲ ಮಾಲಿನಿ," ಎಂದಳು ಅಜ್ಜಿ. "ಹೊಳೇಲಿ ಎಷ್ಟು ಸಲ ಬಿದ್ದಿದ್ದೆ. ನಾನು ಕೈ ಚಾಚ್ದೆ. ಆ ಹುಡುಗಿ ನೋಡ್ತಾ ನಿಂತಿತ್ತು."

ಮನೆಗೆ ಬಂದವಳೇ ಮಾಲಿನಿ ಮಗಳ ಮೇಲೆ ಕೈ ಎತ್ತಿದಳು. ರೇಖಾ ಅಡ್ಡ ಬಂದಳು. ವಿನುತಾ ಬೆದರಿ ಅತ್ತಳು.

"ಎಲ್ಲರೂ ಹಾಕ್ತಾರೆ ಅಮ್ಮ! ಬಿದ್ದದ್ದು ಹಾಕಿದ್ರೇ ಜನ ನೋಡುದು. ನೀನೂ ಎಲ್ಲರಿಗೂ ಕಳಿಸಿದ್ಯಲ್ಲ!"

ಮಾಲಿನಿ ಎತ್ತಿದ ಕೈ ಇಳಿಸಿದಳು. ಹೊಡೆಯಬೇಕಾದ್ದು ಯಾರಿಗೆ ಎಂದು ಅವಳಿಗೇ ನಾಚಿಕೆಯಾಯಿತು.

ಅಂದೇ ಬೋಟಿನಿಂದ ಮನೆಗೆ ಬಂದ ಭಾಸ್ಕರ ಎಲ್ಲ ಕೇಳಿ ಕೆಂಡವಾದ. "ಆ ಫೋನ್ ಹೊಳೆಗೆ ಒಗೀತೆ ನಾನು! ಅದರಿಂದ ಹುಡುಗಿ ಕೆಟ್ಟೇ ಹೋತು!"

"ಒಗೆದ್ರೆ ನಾಳೆ ಗೆಳತಿ ಫೋನಲ್ಲಿ ನೋಡ್ತದೆ," ಎಂದಳು ಗದ್ದಲ ಕೇಳಿ ಬಂದ ರೇಖಾ. "ನಾವು ಯಾವುದನ್ನ ಹೆಚ್ಚು ನೋಡ್ತೇವೋ ಫೋನು ಅಂಥದ್ದನ್ನೇ ಮತ್ತೆ ಮತ್ತೆ ತಂದು ಕೊಡ್ತದೆ. ದಿನಾ ಬಿದ್ದವರನ್ನ ನೋಡಿ ನಕ್ಕ ಮಗುವಿಗೆ ಕಣ್ಣೆದುರು ಬಿದ್ದ ಅಜ್ಜಿಯೂ ಆಟವೇ. ಹುಡುಗಿ ಕೆಟ್ಟದ್ದಲ್ಲ ಭಾಸ್ಕರ. ಅದಕ್ಕೆ ಅಭ್ಯಾಸ ಆಗಿಬಿಟ್ಟಿದೆ. ಹೊಸ ಅಭ್ಯಾಸ ನೀವು ಮಾಡಿಸ್ಬೇಕು."

"ಹೇಗೆ ಮಾಡಿಸುದು? ನಂಗೆ ಅದರ ತುದಿಬುಡ ಗೊತ್ತಿಲ್ಲ," ಎಂದಳು ಮಾಲಿನಿ.

"ಪಕ್ಕದಲ್ಲಿ ಕೂತ್ಕೊ. ಎಂತ ನೋಡ್ತೆ ಹೇಳಿ ಕೇಳು. ಇದು ನಿನ್ನ ಅಮ್ಮ ಆಗಿದ್ರೆ ನಗ್ತಿದ್ಯಾ ಹೇಳಿ ಕೇಳು. ಊಟದ ಹೊತ್ತಿಗೆ ನಿಮ್ಮ ಫೋನೂ ಬದಿಗಿಡಿ. ದೊಡ್ಡವರು ಮಾಡಿದ್ದೇ ಅದು ಕಲೀತದೆ."

ಆ ಸಂಜೆಯೇ ವಿನುತಾ ವಿಡಿಯೋ ಅಳಿಸಿದಳು. ಮಾಲಿನಿ ತಾನು ಕಳಿಸಿದವರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿ ಅಳಿಸಲು ಬೇಡಿಕೊಂಡಳು. ಕೆಲವರು ಅಳಿಸಿದರು. ಇನ್ನು ಕೆಲವರು ಆಗಲೇ ಬೇರೆಯವರಿಗೆ ಕಳಿಸಿಬಿಟ್ಟಿದ್ದರು. ತಾಯಿ ಮಗಳು ಇಬ್ಬರೂ ಹೋಗಿ ಬೆಳ್ಳಜ್ಜಿಯ ಕಾಲು ಹಿಡಿದರು. "ಆತು, ಏಳಿ" ಎಂದಳು ಅಜ್ಜಿ, ಅಷ್ಟೇ.

ಹೊಟ್ಟೆಪಾಡು ಕೇಳಬೇಕಲ್ಲ, ಕೊನೆಗೆ ಅಜ್ಜಿ ಹೊಳೆಗೆ ಬಂದಳು. ದಡದಲ್ಲಿ ವಿನುತಾ ಬರಿಗೈಯಲ್ಲಿ ನಿಂತಿದ್ದಳು. ಅಜ್ಜಿ ಅವಳನ್ನು ನೋಡಿದಳು. ಅಭ್ಯಾಸದಂತೆ ಸೀರೆ ಎತ್ತಿ ಕಟ್ಟಲು ಹೋದ ಕೈ ಅರ್ಧಕ್ಕೇ ನಿಂತಿತು. ನೆರಿಗೆ ಕೆಳಗೆ ಬಿಟ್ಟು, ಉದ್ದ ಸೀರೆಯಲ್ಲೇ ನೀರಿಗೆ ಇಳಿದಳು. ಒದ್ದೆ ಬಟ್ಟೆ ಕಾಲಿಗೆ ಸುತ್ತಿಕೊಂಡು ಹೆಜ್ಜೆಹೆಜ್ಜೆಗೂ ಎಡವುತ್ತಿದ್ದಳು.

ವಿನುತಾಳಿಗೆ ದುಃಖ ಒತ್ತರಿಸಿ ಬಂತು. ಯಾರೂ ಹೇಳದೆ ನೀರಿಗೆ ಇಳಿದು ಅಜ್ಜಿಯ ತೋಳು ಹಿಡಿದುಕೊಂಡಳು. ಅಜ್ಜಿ ಕೊಸರಲಿಲ್ಲ. ಅಂದಿನಿಂದ ಇಂದಿನವರೆಗೂ ಬೆಳ್ಳಜ್ಜಿ ಹೊಳೆಯಲ್ಲಿ ಸೀರೆ ಎತ್ತಿ ಕಟ್ಟಿಲ್ಲ.

ಇದನ್ನು ಓದುತ್ತಿರುವ, ಕೇಳುತ್ತಿರುವ ತಾಯಂದಿರೇ, ತಂದೆಯರೇ, ಇಂದು ಸಂಜೆ ಮಗುವಿನ ಪಕ್ಕದಲ್ಲಿ ಕೂತು ಅದು ನೋಡುವುದನ್ನು ನೀವೂ ನೋಡಿ. ಬೈಯಬೇಡಿ, ಮಾತಾಡಿಸಿ. ಇನ್ನೊಬ್ಬರ ನೋವು ತೋರಿಸುವ, ಮಾನ ಕಳೆಯುವ ಚಿತ್ರವನ್ನು ತೆಗೆಯಬಾರದು, ಹಂಚಬಾರದು ಎಂದು ಹೇಳಿಕೊಡಿ. ನಿಮ್ಮ ಕೈಗೆ ಬಂದದ್ದನ್ನು ಪೂರ್ತಿ ನೋಡದೆ ಮುಂದೆ ಕಳಿಸಬೇಡಿ. ಯಾರಾದರೂ ಬಿದ್ದಾಗ ನಿಮ್ಮ ಮಗು ಮೊದಲು ಏನು ಮಾಡುತ್ತದೆ ಎಂಬುದು ನಿಮ್ಮ ಮನೆಯಲ್ಲಿ, ನಿಮ್ಮ ಕಣ್ಣೆದುರಿಗೇ ದಿನವೂ ತೀರ್ಮಾನವಾಗುತ್ತಿದೆ.