ಉದ್ದ ತೋಳಿನ ಸ್ವೆಟರ್

ಕತ್ತರಿಯ ಬಾಯಿ ಬೂದು ಸ್ವೆಟರಿನ ಮುಂಗೈಯೊಳಗೆ ಹೊಕ್ಕಿತ್ತಷ್ಟೆ, ನಿಹಾಲ್ ಸೈಮನ್‌ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

“ಬೇಡ ಅಂಕಲ್. ಲೀವ್ ಇಟ್. ಸ್ವೆಟರ್ ಮೇಲೇ ನೀರು ಹಾಕಿ.”

“ಸ್ವೆಟರ್ ಹಾಕಿಕೊಂಡು ಯಾರಾದ್ರೂ ಸ್ನಾನ ಮಾಡ್ತಾರಾ ಮಾರಾಯ?”

“ಅಪ್ಪಂಗೆ ಯಾವಾಗ್ಲೂ ಚಳಿ. ಯು ನೋ ದಟ್.”

ಮಲೇಷ್ಯಾದ ಚಳಿಬೆಟ್ಟ ಕ್ಯಾಮರನ್ ಹೈಲ್ಯಾಂಡ್ಸಿನ ತನ್ನ ಪುಟ್ಟ ಅತಿಥಿಗೃಹದ ಹಿತ್ತಲಲ್ಲಿ, ಬಟ್ಟೆ ಒಗೆಯುವ ಸಿಮೆಂಟ್ ಕಟ್ಟೆಯ ಮೇಲೆ ಶ್ರೀಪತಿ ಅಂಗಾತ ಮಲಗಿದ್ದ. ಬೆಳಗಿನ ಜಾವ ನಿದ್ದೆಯಲ್ಲೇ ಹೃದಯ ನಿಂತಿತ್ತು. ಹಳೆಯ ರೋಗಿಯೆಂದು ಡಾಕ್ಟರು ಕಾಗದ ಬರೆದುಕೊಟ್ಟು ಹೋಗಿದ್ದರು. ಸೈಮನ್ ಮತ್ತು ಅವನ ಹೆಂಡತಿ ಲೊರೆಟ್ಟಾ ಕ್ವಾಲಾಲಂಪುರದ ಪಕ್ಕದ ಸುಬಾಂಗ್ ಜಯಾದಿಂದ ನಾಲ್ಕು ಗಂಟೆ ಕಾರು ಓಡಿಸಿಕೊಂಡು ಬೆಟ್ಟ ಹತ್ತುವಷ್ಟರಲ್ಲಿ ಮೈ ಸೆಟೆದುಹೋಗಿತ್ತು. ತೋಳು ಮಡಚದ ಮೇಲೆ ಕತ್ತರಿಯೊಂದೇ ದಾರಿ.

ಈ ಶಾಸ್ತ್ರದಲ್ಲಿ ಮಂಗಳೂರಿನ ಕ್ರೈಸ್ತನೊಬ್ಬನಿಗೆ ಏನು ಕೆಲಸ? ಏನೂ ಇಲ್ಲ. ಆದರೆ ಹೆಣಕ್ಕೆ ಕೈಹಾಕಲು ಅಲ್ಲಿದ್ದ ಗಂಡಸರು ಮೂರೇ ಮಂದಿ: ಮಗ ನಿಹಾಲ್, ಮಾಂಟ್ ಕಿಯಾರಾದಿಂದ ಬಂದಿದ್ದ ಹಳೆಯ ಸಹೋದ್ಯೋಗಿ ಪ್ರಶಾಂತ, ಮತ್ತು ಗೆಳೆಯ ಸೈಮನ್. ಸ್ವೆಟರಿನ ಒಳಗೆ ಏನಿದೆಯೆಂದು ಸೈಮನ್‌ಗೆ ಗೊತ್ತಿತ್ತು. ಇವತ್ತು ಯಾರೂ ನೋಡದಿದ್ದರೆ ಸಂಜೆಗೆ ಅದು ಬೂದಿ. ನಾಳೆಯಿಂದ ಈ ಮನೆಯಲ್ಲಿ ನಿಹಾಲ್ ಮತ್ತು ಅವನ ತಾಯಿ ಲಕ್ಷ್ಮಿ, ಇಬ್ಬರೇ. ದಾರಿಯುದ್ದಕ್ಕೂ ಸೈಮನ್ ಯೋಚಿಸಿದ್ದು ಇದೊಂದನ್ನೇ.

ಅವನು ಕೈ ಕೊಸರಿಕೊಂಡು ಒಂದೇ ಉಸಿರಿಗೆ ಭುಜದವರೆಗೂ ಕತ್ತರಿಸಿದ. ಉಣ್ಣೆ ಎರಡು ಕಡೆಗೂ ಬಿದ್ದಿತು.

ಮುಂಗೈಯಿಂದ ಮೊಣಕೈವರೆಗೆ ಕಾಸಿನಗಲದ ಸುಟ್ಟ ಗುರುತುಗಳು. ಕೆಲವು ಹಳೆಯವು, ಬೆಳ್ಳಗಾಗಿದ್ದವು. ಒಂದು ಇನ್ನೂ ಹಸಿ. ಮೊಣಕೈ ಮೇಲೆ ಹಳದಿಗೆ ತಿರುಗಿದ ಬಾಸುಂಡೆಗಳು. ತಂಬಿಗೆ ಹಿಡಿದು ನಿಂತಿದ್ದ ಪ್ರಶಾಂತನ ಕೈಯಿಂದ ನೀರು ಅವನ ಕಾಲಿನ ಮೇಲೇ ಚೆಲ್ಲಿತು.

“ಅಡುಗೆ ಕೆಲಸ ಅಲ್ವಾ,” ಎಂದ ಪ್ರಶಾಂತ, ಯಾರ ಮುಖವನ್ನೂ ನೋಡದೆ. “ಎಣ್ಣೆ ಸಿಡಿದಿರತ್ತೆ.”

“ಹೂಂ, ಎಣ್ಣೆ,” ಎಂದಳು ಲಕ್ಷ್ಮಿ ಬಾಗಿಲಲ್ಲೇ ನಿಂತು. ಮೆರೂನ್ ಸ್ವೆಟರಿನೊಳಗೆ ಎರಡೂ ಕೈ ಎಳೆದುಕೊಂಡಿದ್ದಳು. “ಅವರು ಯಾವತ್ತೂ ಜೋಪಾನ ಇರ್ತಿರ್ಲಿಲ್ಲ.”

*

ಮಲೇಷ್ಯಾದಲ್ಲಿ ಬೇಸಿಗೆ ಅಂತ ಬೇರೆ ಇಲ್ಲ, ವರ್ಷವಿಡೀ ಅದೇ ಬೆವರು. ಆದರೂ ಮೇ ತಿಂಗಳು ಮುಗಿಯಿತೆಂದರೆ ಸೈಮನ್ ಬೇಸಿಗೆ ರಜೆಗೆಂದು ಬಟ್ಟೆ ಕಟ್ಟುತ್ತಿದ್ದ. ಬೆಟ್ಟದ ಮೇಲೆ ಶ್ರೀಪತಿ ಗೇಟಿನಲ್ಲೇ ಕಾಯುತ್ತಿದ್ದ. ಒಂದು ಕಾಲದಲ್ಲಿ ಇಬ್ಬರೂ ಕ್ವಾಲಾಲಂಪುರದ ಒಂದೇ ಆಫೀಸಿನಲ್ಲಿ ಅಕ್ಕಪಕ್ಕ ಕೂತು ಕೋಡ್ ಬರೆದವರು. ನಲವತ್ತೈದಕ್ಕೆ ಕೆಲಸ ಹೋದಾಗ ಶ್ರೀಪತಿ ಊರಿಗೂ ಹೋಗಲಿಲ್ಲ, ಯಾರ ಬಾಗಿಲನ್ನೂ ತಟ್ಟಲಿಲ್ಲ. ಐದು ಕೋಣೆಯ ಈ ಹಳೇ ಬಂಗಲೆಯನ್ನು ಗುತ್ತಿಗೆಗೆ ಹಿಡಿದ.

“ಇಲ್ಲಿ ಮ್ಯಾನೇಜರೂ ನಾನೇ, ಅಡುಗೆ ಭಟ್ಟನೂ ನಾನೇ, ಕಕ್ಕಸು ತೊಳೆಯೋನೂ ನಾನೇ. ಯಾರ ಮೇಲೆ ಕಂಪ್ಲೇಂಟ್ ಕೊಡ್ತೀಯೋ ಕೊಡು,” ಎನ್ನುತ್ತಿದ್ದ. ಬೆಳಗ್ಗೆ ಅತಿಥಿಗಳು ಏಳುವ ಮೊದಲೇ ಬಿಸಿನೀರು ಹಾಕಿ, ತಿಂಡಿ ಏನೆಂದು ಹಲಗೆಯ ಮೇಲೆ ಬರೆಯುತ್ತಿದ್ದ. ಚೀನೀಯರಿಗೂ ಬಿಳಿಯರಿಗೂ ಒಂದೇ ಉಪ್ಪಿಟ್ಟು. ತಿಂದವರು ಮರುವರ್ಷ ಮತ್ತೆ ಬರುತ್ತಿದ್ದರು. ಹೊರಟವರ ಕಾರು ಮೂರನೇ ತಿರುವು ದಾಟುವವರೆಗೂ ಕೈ ಬೀಸುತ್ತಾ ನಿಂತಿರುತ್ತಿದ್ದ.

ಮೈಮೇಲೆ ಸದಾ ಸ್ವೆಟರ್. ಒಮ್ಮೆ ಬೆಟ್ಟದ ಕೆಳಗೆ ಸೆಖೆಯ ಪುಚೊಂಗಿನ ಮದುವೆಗೂ ಅದನ್ನೇ ಹಾಕಿಕೊಂಡು ಬಂದು ನಗೆಪಾಟಲಾಗಿದ್ದ.

ಮೂರು ವರ್ಷದ ಹಿಂದೆ, ಹೀಗೇ ಜೂನ್. ಸೈಮನ್ ಮತ್ತು ಲೊರೆಟ್ಟಾ ಟೀ ತೋಟ ನೋಡಲು ಹೊರಟಿದ್ದರು. ಟೋಪಿ ಮರೆತ ಸೈಮನ್ ಅರ್ಧ ದಾರಿಯಿಂದ ಒಬ್ಬನೇ ವಾಪಸ್ ಬಂದ. ಅಡುಗೆಮನೆಯ ಕಿಟಕಿ ತೆರೆದಿತ್ತು. ಕಾಲೇಜು ಅರ್ಧಕ್ಕೆ ಬಿಟ್ಟು ಬಂದಿದ್ದ ನಿಹಾಲ್ ಅಪ್ಪನ ತೋಳನ್ನು ತಿರುಚಿ ಮೇಜಿಗೆ ಒತ್ತಿ ಹಿಡಿದಿದ್ದ. ಇನ್ನೊಂದು ಕೈಯಲ್ಲಿ ಒಲೆಯ ಮೇಲಿಂದ ಆಗಷ್ಟೇ ತೆಗೆದ ಸೌಟು. ಇಂಟರ್ನೆಟ್ ಬಿಲ್ ಕಟ್ಟಲು ಮರೆತದ್ದಕ್ಕಂತೆ. ಸೌಟು ಚರ್ಮಕ್ಕೆ ತಾಗಿದಾಗ ಶ್ರೀಪತಿ ಕೂಗಲಿಲ್ಲ. ಮೇಲಿನ ಕೋಣೆಯಲ್ಲಿ ಅತಿಥಿಗಳಿದ್ದರು. ಅವನು ಕೈ ಒರೆಸುವ ಬಟ್ಟೆಯನ್ನು ಬಾಯಿಗೆ ತುರುಕಿಕೊಂಡಿದ್ದ, ಅಭ್ಯಾಸವಾದವನ ಹಾಗೆ.

ಸೈಮನ್ ಒಳಗೆ ಹೋಗಲಿಲ್ಲ, ಕೂಗಲೂ ಇಲ್ಲ. ಹೆದರಿದ್ದ, ಅದನ್ನು ಮುಚ್ಚಿಡುವುದೇಕೆ?

ಮಗ ಹೊರಗೆ ಹೋದ ಮೇಲೆ ಶ್ರೀಪತಿ ಕಿಟಕಿಯಲ್ಲಿ ಗೆಳೆಯನನ್ನು ಕಂಡ. ನಲ್ಲಿಯ ಕೆಳಗೆ ಕೈಯೊಡ್ಡಿಕೊಂಡೇ ಹೇಳಿದ:

“ಮಗ ಕಣೋ. ಪೊಲೀಸು ಗಿಲೀಸು ಅಂದ್ರೆ ಅವನ ಬಾಳು ಹಾಳಾಗತ್ತೆ. ಯಾರಿಗೂ ಹೇಳಬೇಡ. ಲೊರೆಟ್ಟಾಗೂ.”

“ಹೇಳದೆ ಎಂತ ಮಾಡುದು? ಸಾಯ್ತಿ ನೀನು!”

“ಕ್ರಿಸ್‌ಮಸ್‌ಗೆ ಸ್ವೆಟರ್ ತರ್ತೀಯಲ್ಲ, ಈ ಸಲ ತೋಳು ಸ್ವಲ್ಪ ಉದ್ದ ಇರೋದು ತಾ.” ನಲ್ಲಿ ನಿಲ್ಲಿಸಿ ಸ್ವೆಟರಿನ ತೋಳು ಕೆಳಗೆಳೆದುಕೊಂಡ. “ಎರಡು ತಾ. ಲಕ್ಷ್ಮಿಗೂ ಒಂದು.”

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಹೆಗ್ಗಣ ಮನೆಯ ತಳಪಾಯ ಕೊರೆಯುತ್ತಿರುವಾಗ ಗೆಳೆಯನಾದವನು ಏನು ಮಾಡಬೇಕು? ಸೈಮನ್ ಮಾಡಿದ್ದು ಇಷ್ಟೇ. ಸುಬಾಂಗ್ ಜಯಾದ ಮಾಲ್‌ನಲ್ಲಿ, ಚಳಿ ದೇಶಕ್ಕೆ ಹೋಗುವವರಿಗೆಂದೇ ಇರುವ ಒಂದು ಅಂಗಡಿಯಲ್ಲಿ, ಅಂಗೈ ಮುಚ್ಚುವಷ್ಟು ಉದ್ದ ತೋಳಿನ ಎರಡು ಸ್ವೆಟರ್ ಆರಿಸಿದ. ಬೂದು ಒಂದು, ಮೆರೂನ್ ಒಂದು. ಮುಂದಿನ ವರ್ಷವೂ. ಅದರ ಮುಂದಿನ ವರ್ಷವೂ.

*

“ಎಣ್ಣೆ ಅಲ್ಲ ಅದು,” ಎಂದ ಸೈಮನ್. ಕತ್ತರಿ ಇನ್ನೂ ಕೈಯಲ್ಲೇ ಇತ್ತು. “ಸೌಟು. ಕಾಯಿಸಿದ ಸೌಟು. ಮೂರು ವರ್ಷದ ಹಿಂದೆ ನಾನೇ ಕಣ್ಣಾರೆ ನೋಡಿದ್ದೇನೆ. ಅತ್ತಿಗೆ, ಇವತ್ತಾದ್ರೂ ಹೇಳಿ!”

“ಸೈಮನ್, ಈಗ ಬೇಡಪ್ಪಾ,” ಪ್ರಶಾಂತ ನಡುವೆ ಬಂದ. “ಹೆಣದ ಮುಂದೆ—”

ಅವನ ಮಾತು ಮುಗಿಯಲಿಲ್ಲ. ನಿಹಾಲ್‌ನ ಗುದ್ದು ಸೈಮನ್‌ನ ದವಡೆಗೆ ಬಿತ್ತು. ಸೈಮನ್ ಹಿಂದಕ್ಕೆ ಹಾರಿ ನೀರಿನ ಡ್ರಮ್ಮಿಗೆ ಬಡಿದ, ಡ್ರಮ್ಮು ಉರುಳಿತು. ಎದ್ದ ಅರವತ್ತೆರಡರ ಮುದುಕ, ಬಾಯಲ್ಲಿ ರಕ್ತ, ಜೀವಮಾನದಲ್ಲಿ ಯಾರಿಗೂ ಕೈ ಎತ್ತದವನು, ನಿಹಾಲ್‌ನ ಕೆನ್ನೆಗೆ ಬಾರಿಸಿದ. ಇನ್ನೊಂದು ಬಾರಿಸಿದ. ನಿಹಾಲ್ ಅವನ ಕುತ್ತಿಗೆಗೆ ಕೈ ಹಾಕಿ ಕಟ್ಟೆಗೆ ಒತ್ತಿದ. ಇಬ್ಬರ ಭಾರಕ್ಕೆ ಶ್ರೀಪತಿಯ ತಲೆ ಪಕ್ಕಕ್ಕೆ ಹೊರಳಿತು.

“ನಿಮಗೆ ಗೊತ್ತಿತ್ತು!” ನಿಹಾಲ್ ಏದುಸಿರು ಬಿಡುತ್ತಾ ಕಿರುಚಿದ. “ಥ್ರೀ ಇಯರ್ಸ್! ಯಾರು ತಂದ್ಕೊಟ್ಟಿದ್ದು ಈ ಸ್ವೆಟರ್? ಹೇಳಿ ಎಲ್ಲರಿಗೂ! ಯು ಬಾಟ್ ಇಟ್, ಅಂಕಲ್. ಯು!”

ಪ್ರಶಾಂತ ಅವನ ಸೊಂಟ ಹಿಡಿದು ಆಚೆಗೆಳೆದ. ಸೈಮನ್ ಅಲ್ಲೇ ಕುಸಿದು ಕೂತ. ಗುದ್ದು ಅವನಿಗೆ ಅಷ್ಟು ನೋಯಲಿಲ್ಲ, ಮಾತು ನೋಯಿತು. ಲೊರೆಟ್ಟಾ ಬಂದು ಕರವಸ್ತ್ರದಿಂದ ಅವನ ತುಟಿ ಒತ್ತಿದಳು. ಕೊಂಕಣಿಯಲ್ಲಿ ಕೇಳಿದಳು, ಹೌದಾ, ಗೊತ್ತಿತ್ತಾ ಎಂದು. ಸೈಮನ್ ಹೌದೆಂದು ತಲೆಯಾಡಿಸಿದ. ಅವಳು ಕರವಸ್ತ್ರವನ್ನು ಅವನ ಕೈಗೇ ಕೊಟ್ಟು ಎದ್ದು ಹೋದಳು.

ಉಳಿದ ಸ್ನಾನವನ್ನು ಸೈಮನ್ ಒಬ್ಬನೇ ಮಾಡಿಸಿದ. ಬಿಳಿ ಪಂಚೆ ಉಡಿಸಿದ, ಎದೆಯ ಮೇಲೊಂದು ಶಲ್ಯ ಹೊದಿಸಿದ. ನಿಹಾಲ್ ಒಳಗಿನಿಂದ ಬೇರೊಂದು ಸ್ವೆಟರ್ ತಂದ. ಸೈಮನ್ ಅದನ್ನು ಕಿತ್ತು ನೀರಿನ ಕೆಸರಿಗೆ ಎಸೆದ. ಶ್ರೀಪತಿ ಬರಿ ತೋಳಿನಲ್ಲೇ ಪೆಟ್ಟಿಗೆ ಸೇರಿದ.

“ಅತ್ತಿಗೆ, ಇವತ್ತು ನಮ್ಮ ಜೊತೆ ಬನ್ನಿ. ನಮ್ಮ ಮನೆಗೆ,” ಎಂದ ಸೈಮನ್ ವ್ಯಾನಿನ ಬಳಿ.

ಲಕ್ಷ್ಮಿ ಪೆಟ್ಟಿಗೆಯನ್ನೇ ನೋಡುತ್ತಿದ್ದಳು. “ಮಗ ಒಬ್ಬನೇ ಆಗ್ಬಿಡ್ತಾನೆ ಸೈಮನ್. ಊಟಕ್ಕೆ ಏನು ಮಾಡ್ತಾನೆ?”

*

ಬೆಟ್ಟ ಇಳಿದು ಇಪೋ ತಲುಪಲು ಒಂದೂವರೆ ಗಂಟೆ. ಒಂದೊಂದು ತಿರುವಿಗೂ ಸೆಖೆ ಏರುತ್ತಾ ಹೋಯಿತು. ಚಿತಾಗಾರದ ಅಂಗಳದಲ್ಲಿ ಇಳಿಯುವಾಗ ಬಿಸಿಲು ತವೆಯಂತೆ ಕಾದಿತ್ತು. ಬೆಟ್ಟದಿಂದ ಬಂದವರೆಲ್ಲ ಒಬ್ಬೊಬ್ಬರಾಗಿ ಬೆಚ್ಚನೆಯ ಬಟ್ಟೆ ಬಿಚ್ಚಿದರು. ಪ್ರಶಾಂತ ತನ್ನದನ್ನು ಸೊಂಟಕ್ಕೆ ಕಟ್ಟಿಕೊಂಡ. ಲೊರೆಟ್ಟಾ ಮಡಚಿ ಕಾರಿಗೆ ಹಾಕಿದಳು. ನಿಹಾಲ್ ಜಾಕೆಟ್ ಕಳಚಿ ಬೆಂಚಿನ ಮೇಲೆ ಎಸೆದ.

ಲಕ್ಷ್ಮಿಯೊಬ್ಬಳು ಬಿಚ್ಚಲಿಲ್ಲ. ಹಣೆಯಿಂದ ಬೆವರು ಇಳಿದು ಕುಂಕುಮ ಮೂಗಿನವರೆಗೂ ಹರಿದಿತ್ತು. ಅವಳು ಮೆರೂನ್ ತೋಳುಗಳನ್ನು ಅಂಗೈಯವರೆಗೆ ಎಳೆದುಕೊಂಡು ನಿಂತಿದ್ದಳು.

“ಬಿಚ್ಚೇ ಅದನ್ನು, ತಲೆತಿರುಗಿ ಬೀಳ್ತಿ,” ಎಂದಳು ಲೊರೆಟ್ಟಾ.

“ಇರ್ಲಿ. ನಂಗೆ ಚಳಿ.”

ಸೈಮನ್‌ನ ಕಣ್ಣು ಆ ಮೆರೂನ್ ತೋಳುಗಳ ಮೇಲೇ ನಿಂತಿತು. ಎರಡು ತಾ, ಲಕ್ಷ್ಮಿಗೂ ಒಂದು. ಮೂರು ವರ್ಷ ಅವನು ಅದನ್ನು ಗಂಡನೊಬ್ಬನ ಪ್ರೀತಿ ಎಂದುಕೊಂಡು ತಂದುಕೊಟ್ಟಿದ್ದ.

ಪೆಟ್ಟಿಗೆಯನ್ನು ಉರುಳುಗಾಲಿಯ ಮೇಲಿಟ್ಟು ಕುಲುಮೆಯ ಬಾಗಿಲಿಗೆ ತಂದರು. ಎಲ್ಲರೂ ಶ್ರೀಪತಿಯ ಬಾಯಿಗೆ ಅಕ್ಕಿಕಾಳು ಹಾಕಿದರು. ಕೊನೆಗೆ ಲಕ್ಷ್ಮಿ. ಬಾಗಿದವಳು ಗಂಡನ ಬರಿ ತೋಳುಗಳನ್ನು ಬಹಳ ಹೊತ್ತು ನೋಡಿದಳು. ಆ ಹಸಿ ಗುರುತಿನ ಮೇಲೆ ಬೆರಳಾಡಿಸಿದಳು.

ತಮಿಳು ಪೂಜಾರಿ ಮಗನನ್ನು ಕರೆದ. ಇಲ್ಲಿ ಕೊಳ್ಳಿಯಿಲ್ಲ, ಗೋಡೆಯ ಮೇಲೊಂದು ಹಸಿರು ಗುಂಡಿ ಅಷ್ಟೆ. ಮಗ ಅದನ್ನು ಒತ್ತಬೇಕು. ನಿಹಾಲ್ ಮುಂದೆ ಬಂದ.

“ನೀನು ನಿಲ್ಲು,” ಎಂದಳು ಲಕ್ಷ್ಮಿ.

“ಅಮ್ಮಾ, ಡೋಂಟ್ ಮೇಕ್ ಎ ಸೀನ್ ಲಾ.”

ಅವಳು ಕುತ್ತಿಗೆಯ ಮೇಲಿಂದ ಸ್ವೆಟರ್ ಎಳೆದು ಕಳಚಿದಳು. ಜಡೆ ಸಿಕ್ಕಿಕೊಂಡಿತು, ಜಗ್ಗಿ ಬಿಡಿಸಿಕೊಂಡಳು. ಅದನ್ನು ಮಡಚಿ ಶ್ರೀಪತಿಯ ಕಾಲಬಳಿ ಇಟ್ಟಳು. ಅಂಗಳದಿಂದ ಬೀಳುತ್ತಿದ್ದ ಬಿಸಿಲಿನಲ್ಲಿ ಅವಳ ತೋಳುಗಳು ಯಾರೂ ಕಂಡಿರದಷ್ಟು ಬೆಳ್ಳಗಿದ್ದವು, ಮತ್ತು ಆ ಬಿಳುಪಿನ ಮೇಲೆ ಎಲ್ಲವೂ ಕಾಣುತ್ತಿತ್ತು. ಲೊರೆಟ್ಟಾ “ಯೇಸೂ” ಎಂದು ಬಾಯಿ ಮುಚ್ಚಿಕೊಂಡಳು.

“ಸೈಮನ್, ನಿಮ್ಮ ಕಾರಲ್ಲಿ ಜಾಗ ಇದೆ ಅಲ್ವಾ?” ಎನ್ನುತ್ತಾ ಲಕ್ಷ್ಮಿ ಗೋಡೆಯತ್ತ ನಡೆದಳು.

“ಇದೆ,” ಎಂದ ಸೈಮನ್.

ನಿಹಾಲ್ ಧಾವಿಸಿ ಬಂದು ಅವಳ ಮಣಿಕಟ್ಟು ಹಿಡಿದ. ಅಲ್ಲಿ ಮೊದಲೇ ಐದು ನೀಲಿ ಗುರುತುಗಳಿದ್ದವು. ಅವನ ಐದು ಬೆರಳೂ ಅಳತೆ ತೆಗೆದ ಹಾಗೆ ಅವುಗಳ ಮೇಲೇ ಹೋಗಿ ಕೂತವು. ಪೂಜಾರಿ ನೋಡಿದ, ಪೆಟ್ಟಿಗೆ ಹೊತ್ತವರು ನೋಡಿದರು.

“ಕೈ ಬಿಡೋ,” ಎಂದ ಪ್ರಶಾಂತ.

ಬೆರಳುಗಳು ಒಂದೊಂದಾಗಿ ಸಡಿಲಿದವು. ಲಕ್ಷ್ಮಿಯ ಕೈ ಗುಂಡಿಯವರೆಗೆ ಹೋಯಿತು, ಐದು ನೀಲಿ ಗುರುತುಗಳನ್ನು ಹೊತ್ತುಕೊಂಡೇ.